ಚಿಕ್ಕಮ್ಮನ ಮುಕ್ಕಾಲು ಪ್ರದಕ್ಷಿಣೆ

ನನ್ನ ಗಂಡನ ಚಿಕ್ಕಮ್ಮನಿಗೆ ಇಂಗ್ಲೆಂಡು ಯಾಕೆ ಹಿಡಿಸಿತು ಎಂದು ನೀವು ಹತ್ತು ಸಲ ಊಹಿಸಿದರೂ ಉತ್ತರ ಸಿಗಲಿಕ್ಕಿಲ್ಲ. ರಾಣಿಯ ಅರಮನೆಗಲ್ಲ, ಹಸಿರು ಗುಡ್ಡಗಳಿಗಲ್ಲ, ನಲ್ಲಿಯಲ್ಲಿ ಯಾವಾಗೆಂದರೆ ಆವಾಗ ಬರುವ ಬಿಸಿನೀರಿಗೂ ಅಲ್ಲ. ಇಲ್ಲಿಯ ರೌಂಡಬೌಟುಗಳಿಗೆ, ಅಂದರೆ ರಸ್ತೆಗಳು ಕೂಡುವಲ್ಲಿನ ವೃತ್ತಗಳಿಗೆ, ವಾಹನಗಳೆಲ್ಲ ಶಾಸ್ತ್ರೋಕ್ತವಾಗಿ ಬಲ ಬರುತ್ತವೆ ಎಂಬ ಒಂದೇ ಕಾರಣಕ್ಕೆ!

ಚಿಕ್ಕಮ್ಮನಿಗೆ ಪ್ರದಕ್ಷಿಣೆಯ ಹುಚ್ಚು. ಉಡುಪಿಯ ಮನೆಯಲ್ಲಿ ದಿನಾ ಬೆಳಿಗ್ಗೆ ತುಳಸಿಕಟ್ಟೆಗೆ ಸುತ್ತು ಬರುತ್ತಾರೆ, ಅದು ಸರಿ, ಎಲ್ಲರೂ ಬರುತ್ತಾರೆ. ಆದರೆ ಹೊಸ ಫ್ರಿಜ್ಜಿಗೆ? ಪಂಪ್‌ಸೆಟ್ಟಿಗೆ? ಟೇಬಲ್ಲಿನ ಮೇಲಿಟ್ಟ ಮಗನ ಅಂಕಪಟ್ಟಿಗೆ? ಫ್ರಿಜ್ಜಿಗೆ ಸುತ್ತು ಬರಲಿಕ್ಕೆಂದೇ ಅದನ್ನು ಗೋಡೆಯಿಂದ ಎಳೆದು ಅಡುಗೆಮನೆಯ ನಡುವೆ ನಿಲ್ಲಿಸಿದ್ದರಂತೆ. ಅದು ಈಗಲೂ ಅಲ್ಲೇ ಇದೆ.

ಆ ಚಳಿಗಾಲದಲ್ಲಿ ಅವರು ಲೀಡ್ಸಿನ ನಮ್ಮ ಮನೆಗೆ ಬಂದದ್ದು ನನ್ನ ಮಗಳಿಗಾಗಿ. ಅವಳಿಗೆ ಮೂರೂವರೆ ವರ್ಷ. ಹೇಳಿದ್ದೆಲ್ಲ ಅರ್ಥವಾಗುತ್ತಿತ್ತು, ಕನ್ನಡವೂ ಇಂಗ್ಲಿಷೂ. ಆದರೆ ಒಂದೇ ಒಂದು ಮಾತು ಆಡುತ್ತಿರಲಿಲ್ಲ. ಕಾದು ನೋಡೋಣ, ಕಾದು ನೋಡೋಣ ಎನ್ನುತ್ತಿದ್ದ ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಕೊನೆಗೆ ಸ್ಪೀಚ್ ಥೆರಪಿಯ ವೇಟಿಂಗ್ ಲಿಸ್ಟಿಗೆ ಅವಳ ಹೆಸರು ಸೇರಿಸಿದ್ದರು. ಚಿಕ್ಕಮ್ಮನ ಹತ್ತಿರ ವೇಟಿಂಗ್ ಎಂಬುದೇ ಇಲ್ಲ. ವಿಮಾನ ಇಳಿದ ದಿನವೇ ನಮ್ಮ ಬಡಾವಣೆಯ ರೌಂಡಬೌಟ್ ಕಂಡದ್ದೇ ತಡ, "ಮೂರು ಸುತ್ತು ಹಾಕು ಮಾರಾಯ, ಮಗುವಿನ ಹೆಸರಲ್ಲಿ" ಎಂದರು. ನನ್ನ ಗಂಡ ಹಾಕಿದ! ಇಲ್ಲಿಯವರು ಹಾರ್ನ್ ಹೊಡೆಯುವುದು ಅಪರೂಪ. ಇಡೀ ಬಡಾವಣೆಯ ಒಂದು ವರ್ಷದ ಹಾರ್ನು ಅವತ್ತು ನಮ್ಮೊಬ್ಬರ ಮೇಲೆಯೇ ಖರ್ಚಾಯಿತು.

ಮರುವಾರ ಜಿಪಿಯ ಕ್ಲಿನಿಕ್ಕಿನಲ್ಲಿ, ಕಾಯುವವರು ಕೂತ ಕುರ್ಚಿಗಳಿಗೆಲ್ಲ ಸೇರಿಸಿ ಒಂದು ಸುತ್ತು ಬಂದರು. ರಿಸೆಪ್ಷನಿಸ್ಟ್ ಗಾಬರಿಯಿಂದ ನೀರು ತಂದುಕೊಟ್ಟಳು. ಚಿಕ್ಕಮ್ಮ ಅದನ್ನು ತೀರ್ಥದ ಹಾಗೆ ಅಂಗೈಯಲ್ಲಿ ಹಿಡಿದು ಕುಡಿದರು.

ಪ್ಯಾರಿಸ್ ನೋಡಬೇಕೆಂದು ಊರಿನಿಂದಲೇ ವೀಸಾ ಮಾಡಿಸಿಕೊಂಡು ಬಂದಿದ್ದರು. ಟಿಕೆಟ್ ತೆಗೆಯುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: "ಅಲ್ಲಿ ಕಾರು ಯಾವ ಕಡೆಯಿಂದ ಸುತ್ತು ಬರುದು?"

"ಅಲ್ಲಿ ಉಲ್ಟಾ, ಚಿಕ್ಕಮ್ಮ. ಎಡಕ್ಕೆ."

"ಅಪ್ರದಕ್ಷಿಣೆಯಾ? ಅಂಥ ಊರಿಗೆ ನಾವು ಹೋಗುದಾ?"

ಪ್ಯಾರಿಸ್ ಅಲ್ಲಿಗೆ ಮುಗಿಯಿತು. ಸಮಾಧಾನಕ್ಕೆಂದು ನಾನು ಯಾರ್ಕಿನ ಹೆಸರು ಎತ್ತಿದೆ. ರೈಲಿನಲ್ಲಿ ಅರ್ಧ ಗಂಟೆಯ ದಾರಿ, ಹಳೆಯ ಊರು, ಸುತ್ತಲೂ ಕೋಟೆಗೋಡೆ, ಗೋಡೆಯ ಮೇಲೆಯೇ ನಡೆದು ಊರಿಗೆ ಪೂರ್ತಿ ಒಂದು ಸುತ್ತು ಬರಬಹುದು. ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡೆ.

"ಇಡೀ ಊರಿಗಾ?" ಚಿಕ್ಕಮ್ಮ ಎದ್ದು ನಿಂತಿದ್ದರು. "ನಡುವಲ್ಲಿ ದೇವಸ್ಥಾನ ಉಂಟಾ?"

"ದೊಡ್ಡ ಚರ್ಚು ಇದೆ."

"ಯಾವ ದೇವರಾದ್ರೆ ಎಂತ, ಬಲಗಡೆ ಇದ್ರಾಯ್ತು. ಈ ಸುತ್ತು ಪೂರ್ತಿಯಾದ್ರೆ ನಾನು ಊರಿಗೆ ಹೋಗುವ ಮೊದಲು ಮಗು ಮಾತಾಡ್ತದೆ. ನೋಡು ಬೇಕಾದ್ರೆ."

ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು, ಮೈಸೂರಿನಲ್ಲಿ ವಿಜ್ಞಾನ ಓದಿದವಳು. ನಕ್ಕುಬಿಟ್ಟೆ.

ಡಿಸೆಂಬರಿನ ಒಂದು ಶನಿವಾರ ಹೊರಟೆವು. ಚಿಕ್ಕಮ್ಮ ಸೀರೆ, ಅದರ ಮೇಲೆ ನನ್ನ ಗಂಡನ ದಪ್ಪ ಜಾಕೆಟ್ಟು, ಕಾಲಿಗೆ ನನ್ನ ಓಟದ ಶೂ. ನಿಲ್ದಾಣದ ಎದುರಿಗೇ ಗೋಡೆ ಹತ್ತಿದೆವು. ಕೆಳಗೆ ಹುಲ್ಲಿನ ಮೇಲೆ ಇಬ್ಬನಿ ಬೆಳ್ಳಗೆ ಹೆಪ್ಪುಗಟ್ಟಿತ್ತು. ಮಗಳು ಒಮ್ಮೆ ನಡೆಯುತ್ತ, ಒಮ್ಮೆ ಅಪ್ಪನ ಹೆಗಲ ಮೇಲೆ, ಹೆಚ್ಚಾಗಿ ಚಿಕ್ಕಮ್ಮನ ಸೊಂಟದಲ್ಲಿ. ನದಿ ಬಂದು ಗೋಡೆ ತುಂಡಾದಲ್ಲಿ ಸೇತುವೆ ದಾಟಿ ಮತ್ತೆ ಗೋಡೆ ಹಿಡಿದೆವು. ಎದುರಿನಿಂದ ಬರುವವರನ್ನೆಲ್ಲ ಚಿಕ್ಕಮ್ಮ ಕೈ ಅಡ್ಡ ಮಾಡಿ ನಿಲ್ಲಿಸಿ, ಬೆರಳಿನಿಂದ ಗಾಳಿಯಲ್ಲಿ ವೃತ್ತ ಬರೆದು, ಬರಬೇಕಾದ ದಿಕ್ಕು ಯಾವುದೆಂದು ತೋರಿಸುತ್ತಿದ್ದರು. ಒಂದು ವೃದ್ಧ ದಂಪತಿ "ಓ, ಸಾರಿ" ಎನ್ನುತ್ತ ನಿಜವಾಗಿಯೂ ತಿರುಗಿ ನಮ್ಮ ಜೊತೆ ಮುಂದಿನ ಗೋಪುರದವರೆಗೆ ನಡೆದರು!

ಅರ್ಧ ದಾರಿಯಲ್ಲಿ ನನಗೆ ಚಳಿ ತಡೆಯಲಾಗಲಿಲ್ಲ. ಕೆಳಗೆ ಹಳೆಯ ಪೇಟೆಯಲ್ಲಿ ಕಾಫಿ ಕುಡಿಯೋಣ ಎಂದೆ. ಇಳಿದರೆ ಸುತ್ತು ತುಂಡಾಗುತ್ತದಲ್ಲ! ಚಿಕ್ಕಮ್ಮ ಯೋಚಿಸಿ, ಗುರುತಿಗೆಂದು ನನ್ನ ಗಂಡನನ್ನು ಗೋಡೆಯ ಮೇಲೆ ನಿಲ್ಲಿಸಿದರು. "ಕಾಲು ಎತ್ಬೇಡ. ನಾವು ಇಲ್ಲಿಂದಲೇ ಮುಂದುವರಿಸುದು." ಲೀಡ್ಸಿನಲ್ಲಿ ಹನ್ನೆರಡು ಜನರ ತಂಡಕ್ಕೆ ಮ್ಯಾನೇಜರ್ ಆಗಿರುವ ಮನುಷ್ಯ, ಮುಕ್ಕಾಲು ಗಂಟೆ ಮೈಲಿಗಲ್ಲಿನಂತೆ ನಿಂತಿದ್ದ. ನಾವು ಪೇಟೆಯ ಇಕ್ಕಟ್ಟಿನ ಬೀದಿ ಸುತ್ತಿದೆವು. ಎರಡೂ ಕಡೆಯ ಮರದ ಮನೆಗಳು ಮೇಲೆ ಹೋದಂತೆ ಒಂದರ ಕಡೆ ಒಂದು ಬಾಗಿದ್ದವು. ಚಿಕ್ಕಮ್ಮ ತಲೆಯೆತ್ತಿ ನೋಡಿ, "ಆಚೆ ಮನೆಯವರಿಗೆ ಕಿಟಕಿಯಿಂದಲೇ ಸಾರು ಬಡಿಸ್ಬಹುದು" ಎಂದರು.

ಆ ಕಾಫಿಯೇ ಮುಳುವಾಯಿತು. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕು ಗಂಟೆಗೆಲ್ಲ ಕತ್ತಲು, ಕತ್ತಲಾಗುವ ಹೊತ್ತಿಗೆ ಗೋಡೆಗೆ ಹತ್ತುವ ಗೇಟುಗಳಿಗೆಲ್ಲ ಬೀಗ. ಗಂಡ ನಿಂತಲ್ಲಿಂದ ಮುಂದುವರಿಸಿ, ಎರಡನೆಯ ಸೇತುವೆ ದಾಟಿ ಗೋಡೆಯ ಕೊನೆಯ ತುಂಡಿನ ಹತ್ತಿರ ಓಡೋಡಿ ಬಂದಾಗ, ದಪ್ಪ ಕೋಟಿನ ಒಬ್ಬಾತ ಕಬ್ಬಿಣದ ಗೇಟು ಎಳೆದು ಬೀಗ ಹಾಕುತ್ತಿದ್ದ.

"ಹದಿನೈದು ನಿಮಿಷ ಸಾಕು" ಎಂದು ನಾನು ಇಂಗ್ಲಿಷಿನಲ್ಲಿ ಕೇಳಿದೆ. ಆಗುವುದಿಲ್ಲ, ನಾಳೆ ಬೆಳಿಗ್ಗೆ ತೆರೆಯುತ್ತೇವೆ ಎಂದು ಆತ ಮೆತ್ತಗೆ ಹೇಳಿದ. ನಾನು ಮತ್ತೆ ಕೇಳಿದೆ. ಹತ್ತು ನಿಮಿಷ, ಓಡಿಬಿಡುತ್ತೇವೆ, ದಯವಿಟ್ಟು. ಗೇಟಿನ ಸರಳು ಹಿಡಿದುಕೊಂಡಿದ್ದೆ. ನನ್ನ ಗಂಡ ತೋಳು ಹಿಡಿದು ಎಳೆದಾಗಲೇ ಗೊತ್ತಾದದ್ದು, ನಾನು ಅಳುತ್ತಿದ್ದೆ. ಆತ ಪಾಪ, ಏನು ಮಾಡಬೇಕೆಂದು ತಿಳಿಯದೆ ಬೀಗದ ಕೈಯನ್ನು ಜೇಬಿಗೆ ಹಾಕಿ, ಮತ್ತೆ ತೆಗೆದು, ಮತ್ತೆ ಹಾಕಿಕೊಂಡು ಹೊರಟುಹೋದ.

"ಯಾಕೆ ಅಳುದು?" ಎಂದು ಚಿಕ್ಕಮ್ಮ ಕೇಳಿದರು.

"ಇನ್ನು ಸ್ವಲ್ಪಾನೇ ಇತ್ತು, ಚಿಕ್ಕಮ್ಮ. ನನ್ನಿಂದಾನೇ ತಪ್ಪಿಹೋಯ್ತು. ಅವಳಿಗೆ ಮಾತು..."

ಚಿಕ್ಕಮ್ಮ ಸೊಂಟದಲ್ಲಿದ್ದ ಮಗಳನ್ನು ನನ್ನ ಕೈಗೆ ಕೊಟ್ಟರು.

"ಬಂದ್ರೆ ಚಂದ. ಬಾರದಿದ್ರೆ? ಇವಳನ್ನು ವಾಪಸ್ ಕೊಡ್ತೀಯಾ?"

ಬಾರದಿದ್ದರೆ. ಒಂದು ವರ್ಷದಿಂದ ನಾನೂ ನನ್ನ ಗಂಡನೂ ಒಬ್ಬರಿಗೊಬ್ಬರು ಹೇಳದೆ ಬಚ್ಚಿಟ್ಟುಕೊಂಡಿದ್ದ ಮಾತು ಅದು. ಅದನ್ನು ಕೇಳಿದರೆ ಸತ್ತೇಹೋಗುತ್ತೇನೆ ಎಂದುಕೊಂಡಿದ್ದೆ. ಕೇಳಿದ ಮೇಲೆ ನೋಡಿದರೆ, ಮಗಳು ನನ್ನ ತೋಳಿನಲ್ಲೇ ಇದ್ದಳು, ಚಳಿಗೆ ಮೂಗು ಕೆಂಪಾಗಿಸಿಕೊಂಡು, ನನ್ನ ಮುಖವನ್ನೇ ನೋಡುತ್ತ.

"ಕೊಡಲ್ಲ" ಎಂದೆ.