ಎಂಟು ಹೆಜ್ಜೆ ರಸ್ತೆ

ನೇತಾಡುವ ಗುಂಡಿಯೊಂದನ್ನು ಕಂಡೂ ಕಾಣದಂತೆ ಇದ್ದುಬಿಟ್ಟಿದ್ದರೆ ಸಬಾತಿನೊ ಇಷ್ಟೊತ್ತಿಗೆ ಸಂಸಾರಸ್ಥನಾಗಿರುತ್ತಿದ್ದ. ಆದರೆ ಅವನು ದರ್ಜಿ. ಕಿತ್ತ ಗುಂಡಿ ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ಅವನ ಅಂಗಡಿಗೂ ಬ್ರೆಡ್ಡು ಮಾರುವ ಅದೆಲಿನಾಳ ಮನೆಗೂ ನಡುವೆ ಎಂಟು ಹೆಜ್ಜೆ ರಸ್ತೆ. ಒಂಬತ್ತು ವರ್ಷದಿಂದ ಅವನಿಗೆ ಅವಳ ಮೇಲೆ ಮನಸ್ಸು. ಅದು ಊರಿಗೆಲ್ಲ ಗೊತ್ತು. ಬಾಯಿಬಿಟ್ಟು ಹೇಳಲು ಮಾತ್ರ ಅವನಿಗೆ ಧೈರ್ಯವಿಲ್ಲ. ಕೊನೆಗೆ ಕಾರು ಪಂದ್ಯದ ಹಿಂದಿನ ಸಂಜೆ ಅವಳೇ ಕರೆದಳು.

"ಕಿಯೇತಿ ಪಟ್ಟಣದಲ್ಲಿರೋ ನಮ್ಮಣ್ಣ ಯಾವುದೋ ಗಂಡು ನೋಡಿದಾನೆ. ನಾಳೆ ಸಂಜೆಯೊಳಗೆ ಹೂಂ ಉಹೂಂ ಹೇಳ್ಬೇಕು. ಪಂದ್ಯ ನೋಡೋಕೆ ನಮ್ಮನೆಗೇ ಬನ್ನಿ, ಊಟಾನೂ ಮಾಡಿ. ಏನಾದ್ರೂ ಹೇಳೋದಿದ್ರೆ ಹೇಳಿ."

ಪೆಸ್ಕಾರ ಗ್ರ್ಯಾನ್ ಪ್ರಿ ಪಂದ್ಯದ ಕಾರುಗಳು ಓಡುವುದು ಇದೇ ರಸ್ತೆಯಲ್ಲಿ. ಒಮ್ಮೆ ರಸ್ತೆ ಮುಚ್ಚಿದರೆ ಆಚೆಯವರು ಆಚೆ, ಈಚೆಯವರು ಈಚೆ. ಅದಕ್ಕೇ ಸಬಾತಿನೊ ಬೆಳಗ್ಗೆಯೇ ದಾಟಿ ಅವಳ ಬಾಗಿಲಿಗೆ ಬಂದ. ಅಲ್ಲಿ ಬಂದೋಬಸ್ತಿನ ಪೇದೆಯೊಬ್ಬ ನಿಂತಿದ್ದ. ಅವನ ಕೋಟಿನ ಗುಂಡಿ ಒಂದೇ ಎಳೆಯಲ್ಲಿ ಜೋತಾಡುತ್ತಿತ್ತು.

"ತಡೀರಿ ಸಾಹೇಬ್ರೆ, ಸೂಜಿದಾರ ತಂದೆ!"

ಊರಿಗೆ ಉಪಕಾರ ಮಾಡಬಾರದು ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ರಸ್ತೆ ದಾಟಿ ಅಂಗಡಿಗೆ ಓಡಿ, ಕರಿ ದಾರಗಳಲ್ಲೂ ಹೊಂದುವ ಕರಿ ದಾರ ಹುಡುಕಿ ಬರುವಷ್ಟರಲ್ಲಿ ರಸ್ತೆಗೆ ಹಗ್ಗ ಬಿಗಿದಿದ್ದರು.

"ನಿಲ್ರೀ ಅಲ್ಲೇ!" ಎಂದ ಆಚೆಯಿಂದ ಅದೇ ಪೇದೆ.

"ನಿಮ್ಮ ಗುಂಡಿಗೇ ಸ್ವಾಮಿ ದಾರ ತಂದಿರೋದು!"

"ಕಾನೂನು ಕಾನೂನೇ."

ಕಾರುಗಳು ಕಿವಿ ಗಡಚಿಕ್ಕುವಂತೆ ಅಬ್ಬರಿಸಿ ಹೋದವು. ಅವು ಸುತ್ತು ಹಾಕಿ ಮತ್ತೆ ಬರಲು ಹತ್ತು ನಿಮಿಷ. ಅಲ್ಲಿಯವರೆಗೆ ರಸ್ತೆ ಭಣಭಣ. ಸಬಾತಿನೊ ಕಾಲಿಟ್ಟರೆ ಪೇದೆ ಸೀಟಿ ಊದುತ್ತಿದ್ದ. ಒಂದು ಕೋಳಿ ಗತ್ತಿನಿಂದ ದಾಟಿಹೋಯಿತು. ಅದಕ್ಕೆ ಸೀಟಿಯಿಲ್ಲ.

"ಇಲ್ಲಿಂದ್ಲೇ ಕೂಗಿ ಹೇಳೋ! ನಾವೂ ಕೇಳಿಸ್ಕೊಳ್ತೀವಿ," ಎಂದ ಕ್ಷೌರದಂಗಡಿಯ ಮತ್ತೆಯೊ. ಬೀದಿಯೆಲ್ಲ ನಕ್ಕಿತು. ಸಬಾತಿನೊ ಬಾಯಿ ತೆರೆದ. ಅಷ್ಟು ಜನರೆದುರು ನಾಲಗೆ ಹೊರಳಲಿಲ್ಲ.

"ಇದೇ ರಸ್ತೆ ಒಂಬತ್ತು ವರ್ಷ ತೆರೆದೇ ಇತ್ತಲ್ಲೋ ಮಗಾ," ಅಂದಳು ಪಕ್ಕದ ಮನೆಯ ಇಲಾರಿಯಾ ಅಜ್ಜಿ. ಈ ಸಲ ಯಾರೂ ನಗಲಿಲ್ಲ.

ನಿಜ. ಎಷ್ಟೋ ಸಂಜೆ ಅವಳು ಹೊಸ್ತಿಲಲ್ಲಿ ಕೂತಿರುತ್ತಿದ್ದಳು. ಇವನು ಇಲ್ಲಿಂದಲೇ "ಇವತ್ತು ಸೆಕೆ ಜಾಸ್ತಿ" ಎಂದು ಹೇಳಿ ಬಾಗಿಲು ಹಾಕಿಕೊಳ್ಳುತ್ತಿದ್ದ.

ಅದೆಲಿನಾ ಎರಡು ಸಲ ಬಾಗಿಲಿಗೆ ಬಂದು ಇತ್ತ ನೋಡಿದಳು. ಮೂರನೆಯ ಸಲ ಬಿಸಿಲಿಗೆ ಬೆಂದ ಪೇದೆಗೆ ನೀರು ತಂದುಕೊಟ್ಟಳು. 'ಎಂಥಾ ಒಳ್ಳೇ ಮನಸ್ಸು!' ಎಂದು ಸಬಾತಿನೊ ಕರಗಿಹೋದ. ಹನ್ನೆರಡಕ್ಕೆ ಪಾಳಿ ಬದಲಾಗಿ ಪೇದೆಯ ಜಾಗಕ್ಕೆ ಇನ್ನೊಬ್ಬ ಬಂದ. ಆಮೇಲೆ ಕುರಿಮಾಂಸದ ಸಾರಿನ ಘಮ ಬಂತು, ಅವಳು ಬರಲಿಲ್ಲ.

ಒಂದು ಗಂಟೆಗೆ ಹಗ್ಗ ಬಿಚ್ಚಿದರು. ಬಾಗಿಲಲ್ಲೇ ಹೇಳಿಬಿಡಬೇಕೆಂದು ಸಬಾತಿನೊ ಎಂಟು ಹೆಜ್ಜೆಯನ್ನು ನಾಲ್ಕೇ ನೆಗೆತಕ್ಕೆ ದಾಟಿದ.

ಒಳಗೆ ತಟ್ಟೆಗಳು ಖಾಲಿಯಾಗಿದ್ದವು. ಬೆಳಗಿನ ಅದೇ ಪೇದೆ ಕೋಟು ತೊಡುತ್ತಿದ್ದ.

"ಬನ್ನಿ ದರ್ಜಿಯವರೆ. ಇವರಣ್ಣ ನೋಡಿರೋ ಗಂಡು ನಾನೇ. ಇವರನ್ನ ನೋಡೋಣ ಅಂತ ಕೇಳಿ ಈ ಜಾಗಕ್ಕೇ ಡ್ಯೂಟಿ ಹಾಕಿಸ್ಕೊಂಡೆ. ನೋಡಿದ ಮೇಲೆ ಮಾತಾಡೋಕೆ ಬಾಯೇ ಬರ್ಲಿಲ್ಲ. ಪುಣ್ಯಕ್ಕೆ ಗುಂಡಿ ಕಿತ್ತು ಬಿತ್ತು. ಅದನ್ನ ಹೊಲೀತಾ ಇವರೇ ಮಾತು ತೆಗೆದ್ರು."

ಅದೆಲಿನಾ ತಲೆಯೆತ್ತಲಿಲ್ಲ. "ಕೂಗಿಯಾದ್ರೂ ಹೇಳ್ತೀರ ಅಂತ ಕಾದೆ ಸಬಾತಿನೊ. ಆಮೇಲೆ ಹೂಂ ಅಂದ್ಬಿಟ್ಟೆ."

ಸಬಾತಿನೊನ ಮುಷ್ಟಿಯಲ್ಲಿ ದಾರ ಪೋಣಿಸಿದ ಸೂಜಿ ಹಾಗೇ ಇತ್ತು. ಅವನು ಪೇದೆಯ ಕೋಟಿನ ಗುಂಡಿಯನ್ನೇ ನೋಡಿದ.

"ಸೊಟ್ಟಗಿದೆ," ಅಂದ. "ಕೊಡಿ, ಬಿಚ್ಚಿ ಸರಿಯಾಗಿ ಹೊಲಿದುಕೊಡ್ತೀನಿ."

ಪೇದೆ ಗುಂಡಿಯ ಮೇಲೆ ಅಂಗೈ ಮುಚ್ಚಿಕೊಂಡ. "ಬೇಡಿ. ಇದು ಹೀಗೇ ಇರ್ಲಿ."