ಒಂಬತ್ತನೇ ನಂಬರಿನ ನೆರಳು

“ಸೂರ್ಯನಾರಾಯಣಗ ನಮ್ಮ ಮನಿ ವಿಳಾಸ ಯಾರೂ ಕೊಟ್ಟಿಲ್ಲೇನು?”

ಪ್ರಹ್ಲಾದರಾಯರು ಕೇಳಿದ್ದು ಯಾರನ್ನೂ ಅಲ್ಲ. ಕೊಳೆತುಹೋದ ನಾಲ್ಕನೆಯ ತುಳಸಿಯ ಕಡ್ಡಿ ಹಿಡಿದು ಅಂಗಳದಲ್ಲಿ ಒಬ್ಬರೇ ನಿಂತಿದ್ದರು. ಮಲ್ಕಾಜ್‌ಗಿರಿಯ ರೇಲ್ವೆ ಕ್ವಾರ್ಟರ್ಸಿನಲ್ಲಿ ಅವರದು ಒಂಬತ್ತನೇ ನಂಬರು. ಹಿಂದೆ ಹುಣಸೆಮರ, ಪಕ್ಕದಲ್ಲಿ ನೀರಿನ ಟಾಕಿ. ಬಿಸಿಲು ಬಂದರೂ ಮುನಿಸಿಕೊಂಡ ಬೀಗರ ಹಾಗೆ ಹೊಸ್ತಿಲಲ್ಲೇ ನಿಂತು ಹೋಗುತ್ತಿತ್ತು.

“ಇನ್ನ ಎಂಟು ದಿನಕ್ಕ ತುಳಸಿ ಲಗ್ನ. ಈ ಸಲಾನೂ ಕಡ್ಡಿಗೇ ತಾಳಿ ಕಟ್ಟಸ್ತೀರೇನು?” ಎಂದು ಹೇಳಿಯೇ ಹೆಂಡತಿ ಯಮುನಾಬಾಯಿ ಮಠದ ಭಜನೆಗೆ ಹೋಗಿದ್ದರು.

ದಿನವಿಡೀ ಬಿಸಿಲು ಬೀಳುವ ಹದಿನಾಲ್ಕನೇ ನಂಬರು ಖಾಲಿಯಾಗಿತ್ತು. ರಾಯರು ಗುಟ್ಟಾಗಿ ಅರ್ಜಿ ಹಾಕಿದ್ದರು: ‘ಸದರಿ ಅಂಗಳದಲ್ಲಿ ಹುಲ್ಲುಕಡ್ಡಿಯೂ ಬೆಳೆಯುವುದಿಲ್ಲ.’ ಅದನ್ನು ಕಣ್ಣಾರೆ ನೋಡಲು ಕ್ವಾರ್ಟರ್ಸ್ ಹಂಚುವ ಹಣಮಂತರಾಯ ಸಾಹೇಬರು ಇಂದು ನಾಲ್ಕಕ್ಕೆ ಬರುವವರಿದ್ದರು.

ಅಂಗಳ ಮಾತ್ರ ಸುಳ್ಳು ಸಾಕ್ಷಿಗೆ ತಯಾರಿರಲಿಲ್ಲ. ನಳದ ಬುಡದಲ್ಲಿ ಒಂದೆಲಗ, ಗೋಡೆಗೆ ಅಮೃತಬಳ್ಳಿ, ಮರದಡಿಯಲ್ಲಿ ನೆಲಬೇವು ಕರೆಯದೇ ಬಂದು ಕೂತಿದ್ದವು. ರಾಯರು ಧೋತರ ಎತ್ತಿಕಟ್ಟಿ, ಎಲ್ಲವನ್ನೂ ಬೇರುಸಹಿತ ಕಿತ್ತು ಹಿಂದಿನ ಗೋಡೆಯಾಚೆ ಒಗೆದರು. ಕೈ ತೊಳೆಯುವಷ್ಟರಲ್ಲಿ ಎಂಟನೇ ನಂಬರಿನ ಶಿವಶರಣಪ್ಪ ಎರಡು ಕಂಕುಳಲ್ಲೂ ಹೂಕುಂಡ ಇರುಕಿಕೊಂಡು ಬಂದ. ಸಾಹೇಬರು ಬರುವ ಮನೆಗೆ ಓಣಿಯ ಕುಂಡಗಳೆಲ್ಲ ಮುಂಚಿತವಾಗಿ ಹೋಗಿ ಸೇರುವುದು ಆ ಕಾಲನಿಯ ಪದ್ಧತಿ.

“ರಾಯರ, ಸಾಹೇಬ್ರು ಬರಾಕತ್ತಾರಂತ! ಬೋಳು ಅಂಗಳ ತೋರಸ್ತೀರೇನು? ಕಾಲನಿ ಮಾನ ಏನಾಗಬೇಕು?”

“ಬ್ಯಾಡ್ರಿ! ಒಳಗ ತರಬ್ಯಾಡ್ರಿ!”

ಕಾರಣ ಹೇಳುವ ಹಾಗಿರಲಿಲ್ಲ. ಸುದ್ದಿ ಹೊರಬಿದ್ದರೆ ಹದಿನಾಲ್ಕನೇ ನಂಬರಿಗೆ ಸಂಜೆಯೊಳಗೆ ಹದಿನಾಲ್ಕು ಅರ್ಜಿ. ರಾಯರು ಹರಿಕಥೆಯಲ್ಲಿ ತಾಳ ತಪ್ಪಿದ ದಾಸರಂತೆ ತಡವರಿಸಿ, ತಮಗೆ ಗೊತ್ತಿದ್ದ ಒಂದು ನಿಜವನ್ನೇ ಹೇಳಿಬಿಟ್ಟರು.

“ಸಾಹೇಬ್ರಿಗೆ ಈ ಕುಂಡ ಅಂದ್ರ ಸೇರೂದಿಲ್ಲರಿ. ಆರು ವರ್ಷ ಸಿಮ್ಲಾದಾಗ ಇದ್ದು ಬಂದಾರ. ಆ ಛಳಿಯೊಳಗ, ದೇವದಾರು ನೆರಳಾಗ, ಅಲ್ಲೀವೇ ಗಿಡ ಆರಿಸಿ ಆರಿಸಿ ತೋಟ ಮಾಡಿದ್ರಂತ. ಹೊರಗಿಂದ ತಂದದ್ದು ಕಂಡ್ರ ಅವರಿಗೆ ಸಿಟ್ಟು ಬರ್ತದ.”

“ಅಂದ್ರ ಈ ಮಣ್ಣಿಂದೇ ಗಿಡ, ನೆರಳಾಗ ಬದುಕೂದು. ತಿಳೀತು ಬಿಡ್ರಿ,” ಎಂದು ಶಿವಶರಣಪ್ಪ ಕುಂಡ ಎತ್ತಿಕೊಂಡು ಹೋದ. ಅವನಿಗೆ ತಿಳಿದದ್ದೇನು ಎಂಬುದು ರಾಯರಿಗೆ ತಿಳಿಯಲಿಲ್ಲ.

ಸಾಹೇಬರನ್ನು ಎದುರುಗೊಳ್ಳಲು ಸ್ಟೇಷನ್ನಿಗೆ ಹೋದರೆ ಗಾಡಿ ಒಂದು ತಾಸು ತಡ. ರಾಯರು ಪ್ಲಾಟ್‌ಫಾರ್ಮನ್ನು ಈ ತುದಿಯಿಂದ ಆ ತುದಿಗೆ ಪ್ರದಕ್ಷಿಣೆ ಹಾಕಿದರು, ಎರಡು ಚಹಾ ತಗೊಂಡು ಎರಡನ್ನೂ ಕುಡಿಯದೆ ಆರಿಸಿದರು. ಕೊನೆಗೆ ಸಾಹೇಬರನ್ನು ಇಳಿಸಿಕೊಂಡು, ಬೋಳು ಅಂಗಳವನ್ನು ದಾರಿಯುದ್ದಕ್ಕೂ ವರ್ಣಿಸುತ್ತ ಕರೆತಂದರು.

ಅಂಗಳ ಹಸಿರಾಗಿತ್ತು.

ಮೊಣಕೈವರೆಗೆ ಕೆಸರು ಮಾಡಿಕೊಂಡು ಶಿವಶರಣಪ್ಪನೂ ಅವನ ಹೆಂಡತಿ ಶರಣಬಸಮ್ಮನೂ ನಗುತ್ತ ನಿಂತಿದ್ದರು. ಶಿವಶರಣಪ್ಪ ಕಿವಿಯಲ್ಲಿ ಉಸುರಿದ: “ಯಾವನೋ ಹೊಟ್ಟಿಕಿಚ್ಚಿನವ ನಿಮ್ಮ ಗಿಡ ಎಲ್ಲಾ ಕಿತ್ತು ಗೋಡಿ ಆಚೆ ಒಗದಿದ್ದ ರಾಯರ! ಒಂದೂ ಬಿಡದಂಗ ತಿರುಗಿ ಹಚ್ಚೀವಿ. ಸಾಲದ್ದಕ್ಕ ನಮ್ಮ ಅಂಗಳದ್ದೂ ತಂದು ತುಂಬೀವಿ.”

ಸಾಹೇಬರು ಆಗಲೇ ಕುಕ್ಕರಗಾಲಲ್ಲಿ ಕೂತು ಎಲೆ ಮುಟ್ಟುತ್ತಿದ್ದರು. “ನೆಲಬೇವು! ಒಂದೆಲಗ! ಅಲ್ಲಿ ಛಳಿ ತಡಿಯೂದು ಯಾವುದು, ನೆರಳು ತಡಿಯೂದು ಯಾವುದು ಅಂತ ಆರಸೂದ್ರಾಗ ನನ್ನವು ನಾಲ್ಕು ಛಳಿಗಾಲ ಹೋದುವು. ನೀವು ಇಲ್ಲಿ ಸುಮ್ಮನ ಸಾಧಿಸೀರಲ್ಲ!”

“ಸಾಹೇಬ್ರ, ದೇವರಾಣಿ, ಇದು ನಾ ಹಚ್ಚಿದ್ದಲ್ಲ!”

“ಭಾಳ ಸಂಕೋಚದ ಮನಷ್ಯಾರಿ,” ಎಂದ ಶಿವಶರಣಪ್ಪ.

ಸಾಹೇಬರು ಅರ್ಜಿ ತೆಗೆದರು. “ಇಂಥಾ ತೋಟದಿಂದ ನಿಮ್ಮನ್ನ ಎಬ್ಬಿಸಿದ್ರ ನನಗ ಪಾಪ ಹತ್ತತೈತಿ ರಾಯರ.” ಆಗ ಗಿಡ್ಡ ಗೋಡೆಯಾಚೆ ಅವರ ಕಣ್ಣು ಹೋಯಿತು. ಎಂಟನೇ ನಂಬರಿನ ಅಂಗಳದಲ್ಲಿ ಬರೀ ಕುಣಿಗಳಿದ್ದವು. “ಅದು ಯಾರದು?”

“ನಮ್ದರಿ,” ಎಂದಳು ಶರಣಬಸಮ್ಮ.

“ಅಯ್ಯ ಪಾಪ! ಹುಲ್ಲುಕಡ್ಡೀನೂ ಇಲ್ಲಲ್ಲವಾ ತಂಗಿ!”

ಸಾಹೇಬರು ಪೆನ್ನು ಬಿಚ್ಚಿದರು. ಅದೇ ಅರ್ಜಿಯಲ್ಲಿ ‘ಪ್ರಹ್ಲಾದರಾವ್’ ಹೊಡೆದುಹಾಕಿ ‘ಶಿವಶರಣಪ್ಪ’ ಎಂದು ಬರೆದರು; ಒಂಬತ್ತನ್ನು ತಿದ್ದಿ ಎಂಟು ಮಾಡಿದರು; ಕೆಳಗೆ ‘ಮಂಜೂರು’ ಎಂದು ಸಹಿ ಹಾಕಿದರು. ಉಳಿದ ಒಕ್ಕಣೆಯಲ್ಲಿ ಒಂದಕ್ಷರವನ್ನೂ ಬದಲಿಸುವ ಅಗತ್ಯ ಬೀಳಲಿಲ್ಲ.

ಅವರು ಹೋದ ಮೇಲೆ ರಾಯರು ಶಿವಶರಣಪ್ಪನ ಕೆಸರುಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. “ಶಿವಶರಣಪ್ಪನವರ, ನೀವು ಅರ್ಜೀನೇ ಹಾಕಿದವರಲ್ಲ. ಹದಿನಾಲ್ಕು ನನಗ ಬಿಟ್ಟುಕೊಡ್ರಿ. ಮನ್ಯಾಗ ತುಳಸಿ ಲಗ್ನ ಅದ.”

ಶಿವಶರಣಪ್ಪನ ಕಣ್ಣು ತೇವವಾಯಿತು. ‘ಆಗಲಿ’ ಎನ್ನಲು ಬಾಯಿ ತೆರೆದ. ಅಷ್ಟರಲ್ಲಿ ಶರಣಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಬ್ಬರ ನಡುವೆ ಬಂದು ನಿಂತಳು.

“ಆಗೂದಿಲ್ಲರಿ ರಾಯರ. ನಾಲ್ಕು ವರ್ಷ ಆತು, ನನ್ನ ಸಂಡಿಗಿ ಒಣಗಿಲ್ಲ.”