ಮೇಜಿನ ಮೇಲಿನ ಅಯಸ್ಕಾಂತ

ಊರೂರು ತಿರುಗಿ ಕೊಡುವ ನನ್ನ ವಿಜ್ಞಾನದ ಉಪನ್ಯಾಸಗಳಿಗೆ ಒಂದೇ ನಿಯಮ: ಮೇಜಿನ ಮೇಲಿನ ಅಯಸ್ಕಾಂತವನ್ನು ಯಾರೂ ಮುಟ್ಟಕೂಡದು. ಹೋದ ಊರಿನಲ್ಲೆಲ್ಲ ಆ ನಿಯಮ ಮುರಿದಿದೆ. ನಾನೂ ನಿಯಮ ಬಿಡಲಿಲ್ಲ, ಜನರೂ ಅಯಸ್ಕಾಂತ ಬಿಡಲಿಲ್ಲ.

ಆಗ ಎಂಆರ್‌ಐ ಸ್ಕ್ಯಾನ್ ಹೊಸತು; ಅದೆಂದರೆ ನಮ್ಮ ಕಡೆಯವರಿಗೆ ಅಂಜಿಕೆ. ಅದನ್ನು ಬಿಡಿಸಲು ಹೇಳುತ್ತಿದ್ದೆ: ಆ ಯಂತ್ರ ದೊಡ್ಡದೊಂದು ಅಯಸ್ಕಾಂತ, ಅಷ್ಟೆ. ರೋಗದ ಜಾಗ ಎದ್ದು ಕಾಣಲೆಂದು ಕೆಲವರಿಗೆ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಲ್ಲಿ ಬಂಗಾರದ ಹೊದಿಕೆಯ ಕಬ್ಬಿಣದ ಕಣ ಬಳಸಲು ವಿಜ್ಞಾನಿಗಳು ಪ್ರಯೋಗ ನಡೆಸಿದ್ದಾರೆ; ಕಣ್ಣಿಗೆ ಕಾಣದಷ್ಟು ಸಣ್ಣ ಕಣ.

ರೋಣ

ಜೋಳದ ವ್ಯಾಪಾರಿಯೊಬ್ಬರು ಎದ್ದು ಬಂದು ಅಯಸ್ಕಾಂತವನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಒಳಗ ಕಬ್ಬಿಣ, ಮ್ಯಾಲೆ ಬಂಗಾರ. ಹೌದಲ್ರಿ ಸರ?"

"ಹೌದು. ಅದನ್ನು ಕೆಳಗಿಡಿ."

"ಇದನ್ನ ನಾವು ಪ್ಯಾಟ್ಯಾಗ ಮಾಡಿದ್ರ ಪೊಲೀಸ್ರು ಬರ್ತಾರ. ನೀವು ಮಾಡಿದ್ರ ಚಪ್ಪಾಳಿ ಹೊಡಿಬೇಕೇನ್ರಿ?"

ಚಪ್ಪಾಳೆ ಬಿತ್ತು. ಅವರಿಗೆ.

ನರಗುಂದ

ಮುಂದೆಯೇ ಕೂತಿದ್ದ ಅಜ್ಜಿ ಕೇಳಿದರು: "ಮಷೀನಿನ್ಯಾಗ ಹೋಗೂಮುಂದ ಮೂಗಬಟ್ಟು ತಗಸ್ತೀರಿ. ಆಮ್ಯಾಲೆ ಸೂಜಿಲೆ ಬಂಗಾರ ಒಳಗ ಹಾಕ್ತೀರಿ. ತಗಿಯೂದ್ಯಾಕ, ಹಾಕೂದ್ಯಾಕ?"

ಶಿಸ್ತಾಗಿ ವಿವರಿಸಿದೆ. ಅಜ್ಜಿ ತಲೆಯಾಡಿಸುತ್ತಲೇ ಇದ್ದರು. ಮುಗಿದ ಮೇಲೆ ಸೆರಗಿನಡಿಯಿಂದ ನನ್ನ ಅಯಸ್ಕಾಂತ ಹೊರಬಂತು.

"ಭಾಳ ಚಲೋ ಹೇಳಿದ್ರಿ. ಅಲ್ಲೀತನಾ ಮೊಣಕಾಲಿಗೆ ಹಿಡಕೊಂಡಿದ್ದೆ. ನೋವು ಹೋತ್ ನೋಡ್ರಿ!"

ಗಜೇಂದ್ರಗಡ

"ಚೊಕ್ಕ ಬಂಗಾರ ಅಯಸ್ಕಾಂತಕ್ಕೆ ಅಂಟುವುದಿಲ್ಲ, ಒಳಗೆ ಕಬ್ಬಿಣವಿದ್ದರೆ ಅಂಟುತ್ತದೆ" ಎಂದೆ. ಅಷ್ಟು ಸಾಕಾಯಿತು. ಹೆಂಗಸರೆಲ್ಲ ತಮ್ಮ ಒಡವೆ ಹಿಡಿದು ಮೇಜನ್ನು ಮುತ್ತಿದರು. ತಾಮ್ರ, ಹಿತ್ತಾಳೆಯೂ ಅಂಟುವುದಿಲ್ಲ, ಇದು ಪರೀಕ್ಷೆಯೇ ಅಲ್ಲ ಎಂದು ನಾನು ಕೂಗಿದ್ದು ಯಾರ ಕಿವಿಗೂ ಬೀಳಲಿಲ್ಲ. ಒಬ್ಬಾಕೆಯ ಬಳೆ ಟಕ್ಕನೆ ಅಂಟಿತು.

"ಬರ್ಲಿ ನನ್ನ ಗಂಡ ಇವತ್ತ ಮನಿಗೆ!" ಎಂದು ಹಲ್ಲು ಕಡಿದಳು.

ಮುಂದಿನ ಸಾಲಿನಲ್ಲಿ ದರ್ಜಿ ಚಾಚಾ ಕೂತಿದ್ದರು; ನನ್ನ ಚಿತ್ರಗಳಿಗೆ ಬಿಳಿ ಪರದೆ ಹೊಲಿದುಕೊಟ್ಟವರು. ಪಕ್ಕದಲ್ಲಿ ಚಾಚಿ. ರಂಜಾನ್ ಹಬ್ಬಕ್ಕೆ ಗಂಡ ತಂದುಕೊಟ್ಟ ಬಂಗಾರದ ಬಳೆಗಳನ್ನು ಓಣಿಗೆಲ್ಲ ತೋರಿಸಿ ಬಂದಿದ್ದರು. ಚಾಚಾ ಬೆವರತೊಡಗಿದರು.

"ಸರ, ಲಗೂ ಲೈಟ್ ಆರಿಸ್ರಿ. ಆ ಕಣದ ಚಿತ್ರ ತೋರಸ್ರಿ."

ಮೂರು ಊರುಗಳಲ್ಲಿ ವಿಜ್ಞಾನ ಬೇಕೆಂದವರು ಅವರೊಬ್ಬರೇ.

"ಚಾಚಿ, ನಿಮ್ಮ ಬಳಿನೂ ನೋಡೂಣ ಬರ್ರಿ!" ಎಂದು ಯಾರೋ ಅಯಸ್ಕಾಂತವನ್ನೇ ಎತ್ತಿಕೊಂಡು ಬಂದರು.

ಚಾಚಿ ಗಂಡನ ಮುಖ ನೋಡಿದರು. ಚಾಚಾ ನೆಲ ನೋಡುತ್ತಿದ್ದರು.

"ಮುಟ್ಟಬ್ಯಾಡ್ರಿ ಅಂತ ಸರ ಮೊದಲ ಹೇಳಿಲ್ಲೇನ? ನಿಮಗ್ಯಾರಿಗೂ ಕಿವಿ ಇಲ್ಲೇನವಾ?" ಎಂದು ಗದರಿದ ಚಾಚಿ, ಎರಡೂ ಕೈ ಸೆರಗಿನೊಳಗೆ ಸೇರಿಸಿ, ಪರದೆಯ ಕಡೆ ಮುಖ ಮಾಡಿ ನೆಟ್ಟಗೆ ಕೂತರು.